ಶಾಲೆಯ ಬಾಗಿಲಲ್ಲಿ ಯಾವ ನುಡಿ? ಹಿಂಡಲಗಾ ಆಸುಪಾಸಿನ ಕಥೋಲಿಕ ಪ್ರೌಢಶಾಲೆಯೂ ಅದರ ಸಮುದಾಯವೂ

ಹಿಂಡಲಗಾ ಎಂದೊಡನೆ ಹೊರಗಿನವರ ಮನಸ್ಸಿಗೆ ಬರುವುದು ಅಲ್ಲಿನ ಕೇಂದ್ರ ಕಾರಾಗೃಹ. ಆ ಗೋಡೆಗಳಾಚೆ ಒಂದು ಊರಿದೆ, ಬೆಳೆಯುತ್ತಿರುವ ಬಡಾವಣೆಗಳಿವೆ, ಬೆಳಗಾದರೆ ಬೆನ್ನಿಗೆ ಚೀಲ ಹಾಕಿಕೊಂಡು ಹೊರಡುವ ನೂರಾರು ಮಕ್ಕಳಿದ್ದಾರೆ ಎಂಬುದು ಬೆಳಗಾವಿಯವರಿಗಷ್ಟೇ ತಿಳಿದ ಸಂಗತಿ. ಬೆಳಗಾವಿಯ ದಂಡುಪ್ರದೇಶ, ಅಂದರೆ ಜನ ಕ್ಯಾಂಪ್ ಎಂದು ಕರೆಯುವ ಭಾಗ, ಮುಗಿಯುವ ಕಡೆ ವೆಂಗುರ್ಲಾ ರಸ್ತೆಯ ಮೇಲೆ ಹಿಂಡಲಗಾ ಇದೆ. ಅದೇ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಶಿನೋಳಿ. ಅಲ್ಲಿಗೆ ಕರ್ನಾಟಕ ಮುಗಿದು ಮಹಾರಾಷ್ಟ್ರ ತೊಡಗುತ್ತದೆ. ಆಡಳಿತದ ಲೆಕ್ಕದಲ್ಲಿ ಹಿಂಡಲಗಾ ಗ್ರಾಮ, ಬದುಕಿನ ಲೆಕ್ಕದಲ್ಲಿ ನಗರದ ಹೊರವಲಯ. ಇಲ್ಲಿನ ಹಳೆಯ ಮನೆಗಳ ಮಾತು ಬಹುಮಟ್ಟಿಗೆ ಮರಾಠಿ. ಕಾರಾಗೃಹದ ಸಿಬ್ಬಂದಿ, ಸರಕಾರಿ ನೌಕರರು, ಪೂರ್ವದ ತಾಲ್ಲೂಕುಗಳಿಂದ ಬಂದು ನೆಲೆಸಿದವರು ಕನ್ನಡದವರು. ಮರಾಠಾ ಲಘು ಪದಾತಿ ದಳದ ಕೇಂದ್ರ ಹತ್ತಿರದಲ್ಲೇ ಇರುವುದರಿಂದ ಸೈನಿಕರ ಕುಟುಂಬಗಳ ಹಿಂದಿಯೂ ಕೇಳಿಬರುತ್ತದೆ. ಕಥೋಲಿಕರ ಮನೆಗಳಲ್ಲಿ ಹೆಚ್ಚಾಗಿ ಕೊಂಕಣಿ. ಈ ಎಲ್ಲ ಮನೆಗಳ ಮಕ್ಕಳೂ ಕಥೋಲಿಕ ಪ್ರೌಢಶಾಲೆಯೊಂದರ ತರಗತಿಯೊಳಗೆ ಕಾಲಿಟ್ಟಾಗ ಕೇಳುವುದು ಇಂಗ್ಲಿಷ್.

ಇಂಥ ಶಾಲೆಗಳ ಕುರಿತು ನಮ್ಮ ಗುರುಗಳ ನಡುವೆ ಮಾತು ಬಂದಾಗ ಎರಡು ಸಂಗತಿಗಳು ಮುಂದೆ ಬರುತ್ತವೆ: ಫಲಿತಾಂಶ ಮತ್ತು ಹೆಸರು. ಮೂರನೆಯದೊಂದನ್ನು ಮುಂದಿಡುವುದು ಈ ಲೇಖನದ ಉದ್ದೇಶ. ಧರ್ಮಸಭೆ ತನ್ನ ಬೋಧನೆಯಲ್ಲಿ ಶಾಲೆಯನ್ನು ‘ಸಮುದಾಯ’ ಎಂದು ಕರೆಯುತ್ತದೆ. ಆ ಮಾತಿನ ಅರ್ಥವೇನು? ಹಿಂಡಲಗಾದಂಥ ಊರಿನಲ್ಲಿ ಆ ಅರ್ಥ ಎಲ್ಲಿ ಪರೀಕ್ಷೆಗೊಳಗಾಗುತ್ತದೆ? ಶಾಲೆಯ ಪ್ರಾರ್ಥನಾಮಂದಿರದಲ್ಲೂ ಅಲ್ಲ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲೂ ಅಲ್ಲ, ಪಾಲಕರು ಬಂದು ನಿಲ್ಲುವ ಬಾಗಿಲಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಸಂಸ್ಥೆಯಿಂದ ಸಮುದಾಯಕ್ಕೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣ ಕುರಿತ ಘೋಷಣೆ ಮಹಾಸಭೆಯ ದಾಖಲೆಗಳಲ್ಲಿ ಚಿಕ್ಕವುಗಳ ಪೈಕಿ ಒಂದು. ಗುರುವಿದ್ಯಾಮಂದಿರಗಳಲ್ಲಿ ಅದನ್ನು ಒಂದು ತಾಸಿನಲ್ಲಿ ಮುಗಿಸಿಬಿಡುವ ರೂಢಿಯೂ ಉಂಟು. ಆದರೆ ಅದರಲ್ಲಿ ಎರಡು ಮಾತುಗಳು ನಮಗೆ ಇಲ್ಲಿ ಬೇಕು. ಮಕ್ಕಳಿಗೆ ಜೀವ ಕೊಟ್ಟ ತಂದೆತಾಯಿಯರೇ ಅವರ ಮೊದಲ ಹಾಗೂ ಮುಖ್ಯ ಶಿಕ್ಷಕರು ಎಂಬುದು ಮೊದಲನೆಯದು. ಅದು ಮೂರನೆಯ ವಿಭಾಗದಲ್ಲಿದೆ. ಕಥೋಲಿಕ ಶಾಲೆಯ ವೈಶಿಷ್ಟ್ಯವಿರುವುದು ಶುಭಸಂದೇಶದ ಸ್ವಾತಂತ್ರ್ಯ ಮತ್ತು ಪ್ರೀತಿಗಳಿಂದ ಉಸಿರಾಡುವ ಸಮುದಾಯವೊಂದನ್ನು ಕಟ್ಟುವುದರಲ್ಲಿ ಎಂಬುದು ಎರಡನೆಯದು. ಅದು ಎಂಟನೆಯ ವಿಭಾಗದಲ್ಲಿದೆ. ಮುಂದೆ 1988ರಲ್ಲಿ ರೋಮಿನ ಕಥೋಲಿಕ ಶಿಕ್ಷಣ ಪರಿಷತ್ತು ಹೊರಡಿಸಿದ ಮಾರ್ಗಸೂಚಿ ಈ ಘೋಷಣೆಯ ಮಹತ್ವವನ್ನು ಒಂದೇ ಮಾತಿನಲ್ಲಿ ಗುರುತಿಸಿತು: ಶಾಲೆಯನ್ನು ಸಂಸ್ಥೆಯಾಗಿ ನೋಡುತ್ತಿದ್ದ ದೃಷ್ಟಿಯಿಂದ ಅದನ್ನು ಸಮುದಾಯವಾಗಿ ನೋಡುವ ದೃಷ್ಟಿಗೆ ಧರ್ಮಸಭೆ ಹೊರಳಿದ್ದು ಅಲ್ಲಿ.

ಸಂಸ್ಥೆಗೂ ಸಮುದಾಯಕ್ಕೂ ಇರುವ ಅಂತರ ಶಬ್ದದ ಆಟವಲ್ಲ. ಸಂಸ್ಥೆಗೆ ಆಡಳಿತಗಾರರು ಮತ್ತು ಸೇವೆ ಪಡೆಯುವವರು ಇರುತ್ತಾರೆ. ಸಮುದಾಯಕ್ಕೆ ಸದಸ್ಯರಿರುತ್ತಾರೆ. ಶುಲ್ಕ ತುಂಬಿ ರಸೀದಿ ಪಡೆದವನು ಸೇವೆ ಪಡೆದವನಾದಾನು. ಆದರೆ ಅವನ ಮಾತನ್ನು ಯಾರೂ ಕೇಳದಿದ್ದರೆ ಅವನು ಸದಸ್ಯನಲ್ಲ. ಇದನ್ನು ನಾವು ಬರಿಯ ಭಾವನೆಯಿಂದ ಹೇಳುತ್ತಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 796ನೆಯ ವಿಧಿಯ ಎರಡನೆಯ ಭಾಗವು ಪಾಲಕರು ಶಿಕ್ಷಕರೊಡನೆ ಸಹಕರಿಸಬೇಕು ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಶಿಕ್ಷಕರು ಪಾಲಕರ ಮಾತನ್ನು ಮನಃಪೂರ್ವಕವಾಗಿ ಆಲಿಸಬೇಕು, ಅದಕ್ಕಾಗಿ ಪಾಲಕರ ಸಂಘಗಳನ್ನೂ ಸಭೆಗಳನ್ನೂ ಏರ್ಪಡಿಸಬೇಕು, ಅವುಗಳಿಗೆ ದೊಡ್ಡ ಬೆಲೆ ಕೊಡಬೇಕು ಎಂದು ಶಿಕ್ಷಕರ ಮೇಲೂ ಹೊಣೆ ಹೊರಿಸುತ್ತದೆ. ಆಲಿಸುವುದು ಎಂದರೆ ಕಿವಿಯ ಕೆಲಸ. ಕಿವಿಗೆ ನುಡಿ ತಿಳಿದಿರಬೇಕು.

ಇಲ್ಲಿ ಒಂದು ಸಣ್ಣ ಮಾತು. ಬೆಳಗಾವಿಯ ಕಡೆ ವಿದ್ಯಾರ್ಥಿಯ ತಂದೆತಾಯಿಯರಿಗೆ ‘ಪಾಲಕರು’ ಎನ್ನುತ್ತಾರೆ. ಆ ಪದ ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ನಮ್ಮ ಕ್ರೈಸ್ತ ಕನ್ನಡದಲ್ಲಿ ಮಂದೆ ಕಾಯುವ ಹೊಣೆ ಹೊತ್ತವರನ್ನೂ ನಾವು ಸಭಾಪಾಲಕರು ಎನ್ನುತ್ತೇವೆ. ಶಾಲೆಯ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುವ ತಾಯಿಯೂ ಮುಂದೆ ಮೈಕಿನ ಎದುರು ನಿಲ್ಲುವ ಗುರುಗಳೂ ಒಂದೇ ಪದದ ಪಾಲುದಾರರು. ಮಹಾಸಭೆಯ ಮಾತನ್ನು ನಂಬುವುದಾದರೆ ಆ ಮಗುವಿನ ವಿಷಯದಲ್ಲಿ ಮೊದಲ ಪಾಲಕಿ ಅವಳೇ.

ಗೋವೆಯ ಸಂತ ಪೌಲ, ಬೆಳಗಾವಿಯ ಸಂತ ಪೌಲ

ಈ ಭಾಗದ ಕಥೋಲಿಕ ಶಾಲೆಗಳ ಮಾತೆತ್ತಿದರೆ ಯೇಸುಸಭೆಯವರು ಕ್ಯಾಂಪಿನಲ್ಲಿ ನಡೆಸಿಕೊಂಡು ಬಂದಿರುವ ಸಂತ ಪೌಲರ ಪ್ರೌಢಶಾಲೆಯಿಂದಲೇ ಆರಂಭಿಸಬೇಕು. ಅದರ ಸ್ಥಾಪನೆ 1856ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1854ರಲ್ಲಿ, ಚಾರ್ಲ್ಸ್ ವುಡ್ ಅವರ ಶಿಕ್ಷಣ ಸನ್ನದು ಹೊರಟು ಖಾಸಗಿ ಶಾಲೆಗಳಿಗೆ ಸರಕಾರಿ ಅನುದಾನದ ದಾರಿ ತೆರೆದಿತ್ತು. 1818ರಿಂದ ಬ್ರಿಟಿಷರ ಕೈಯಲ್ಲಿದ್ದ ಬೆಳಗಾವಿ ಆಗ ದೊಡ್ಡ ದಂಡಿನ ಊರು. ದಂಡಿನ ಊರಿನ ಶಾಲೆಯ ನುಡಿ ಇಂಗ್ಲಿಷ್ ಆದದ್ದು ಸಹಜ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ.

ಆದರೆ ಸಂತ ಪೌಲರ ಹೆಸರಿಗೆ ಈ ಕರಾವಳಿಯಲ್ಲಿ ಇನ್ನೂ ಹಳೆಯ ಚರಿತ್ರೆಯಿದೆ. 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದ ದಿನಗಳಲ್ಲೇ ಬೆಳೆಯತೊಡಗಿದ್ದ ಅಲ್ಲಿನ ಕಾಲೇಜು ಮುಂದೆ ಯೇಸುಸಭೆಯ ಕೈಗೆ ಬಂದು ಸಂತ ಪೌಲರ ಹೆಸರಿನಿಂದ ಪ್ರಸಿದ್ಧವಾಯಿತು. ಬೇರೆಬೇರೆ ನಾಡುಗಳ ಹುಡುಗರನ್ನು ಕರೆತಂದು, ಕಲಿಸಿ, ತಮ್ಮ ಜನರಿಗೆ ತಾವೇ ಗುರುಗಳಾಗುವಂತೆ ಮಾಡುವುದು ಅದರ ಗುರಿಗಳಲ್ಲಿ ಒಂದು. ಭಾರತದ ನೆಲದಲ್ಲಿ ಮೊದಲ ಮುದ್ರಣಯಂತ್ರ ಕೆಲಸಕ್ಕೆ ತೊಡಗಿದ್ದು ಅದೇ ಕಾಲೇಜಿನಲ್ಲಿ, 1556ರಲ್ಲಿ. ಬೆಳಗಾವಿಯ ಶಾಲೆಗೂ ಗೋವೆಯ ಮುದ್ರಣಯಂತ್ರಕ್ಕೂ ನಡುವೆ ಸರಿಯಾಗಿ 300 ವರ್ಷ. ಇದು ಕಾಕತಾಳೀಯವಷ್ಟೇ; ಆದರೂ ನೆನಪಿಗೆ ಅನುಕೂಲ.

ಆ ಶತಮಾನದ ಯೇಸುಸಭೆಯವರು ನುಡಿಯ ವಿಷಯದಲ್ಲಿ ತೋರಿದ ದುಡಿಮೆ ನಮ್ಮನ್ನು ನಾಚಿಸುವಂಥದು. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಸಾಷ್ಟಿಯ ಹಳ್ಳಿಗಳಲ್ಲಿ ಬಾಳಿದರು. 1616ರಲ್ಲಿ ರಾಯ್ತೂರಿನಲ್ಲಿ ಅಚ್ಚಾದ ಅವರ ಕ್ರಿಸ್ತಪುರಾಣ, ಓವಿ ಛಂದಸ್ಸಿನಲ್ಲಿ, ಕೊಂಕಣಿಯ ಬನಿ ಸೇರಿದ ಮರಾಠಿಯಲ್ಲಿ ರಕ್ಷಣೆಯ ಚರಿತ್ರೆಯನ್ನು ಹಾಡಿತು. ಹೊಸದಾಗಿ ಕ್ರೈಸ್ತರಾದ ಜನ ತಾವು ಕೇಳಿ ಬೆಳೆದ ಪುರಾಣಗಳ ಧಾಟಿಯನ್ನು ಕಳೆದುಕೊಳ್ಳಬಾರದು ಎಂಬ ಕಾಳಜಿ ಅದರ ಹಿಂದಿತ್ತು. ಅವರು ಬರೆದ ಕೊಂಕಣಿ ವ್ಯಾಕರಣ ಅವರ ಮರಣದ ನಂತರ 1640ರಲ್ಲಿ ಪ್ರಕಟವಾಯಿತು. ಅದರ ಪೋರ್ಚುಗೀಸ್ ಹೆಸರಿನಲ್ಲಿರುವ ‘ಕನಾರಿಂ’ ಎಂಬ ಮಾತನ್ನು ನೋಡಿ ಅದು ಕನ್ನಡದ ವ್ಯಾಕರಣವೆಂದು ಭ್ರಮಿಸುವ ವಿದ್ಯಾರ್ಥಿಗಳಿದ್ದಾರೆ. ಅಲ್ಲ, ಆ ಕಾಲದ ಪೋರ್ಚುಗೀಸರು ಗೋವೆಯ ಜನರ ಮಾತನ್ನು ಹಾಗೆ ಕರೆಯುತ್ತಿದ್ದರು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. 1684ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯ್ ಹೊರಡಿಸಿದ ಆಜ್ಞೆ ಜನರು ತಮ್ಮ ನುಡಿಯನ್ನು ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸ್ ಆಡತೊಡಗಬೇಕು ಎಂದು ವಿಧಿಸಿತು. ಆ ಆಜ್ಞೆಗೆ ಧರ್ಮಸಭೆಯೊಳಗಿನವರ ಒತ್ತಾಸೆಯೂ ಇತ್ತು. ಜನರ ನುಡಿ ಕಲಿಯುವ ಕಷ್ಟವನ್ನು ಗುರುಗಳು ತಪ್ಪಿಸಿಕೊಳ್ಳಲು ಜನರ ಮೇಲೆ ಗುರುಗಳ ನುಡಿಯನ್ನು ಹೇರುವುದು ಸುಲಭದ ದಾರಿಯಾಗಿ ಕಂಡಿತ್ತು. ಹಿಂಡಲಗಾ ಮತ್ತು ಖಾನಾಪುರದ ಕೊಂಕಣಿ ಕಥೋಲಿಕ ಮನೆಗಳಲ್ಲಿ ಜಪಸರವನ್ನು ಇಂದಿಗೂ ಕೊಂಕಣಿಯಲ್ಲಿ ಹೇಳುತ್ತಾರೆ ಎಂದರೆ, ಆ ಆಜ್ಞೆ ಸೋತಿತು ಎಂದೇ ಅರ್ಥ. ಅದನ್ನು ಸೋಲಿಸಿದವರು ಪಂಡಿತರಲ್ಲ, ಮನೆಯ ಅಜ್ಜಿಯಂದಿರು.

ಈ ಎರಡು ಚಿತ್ರಗಳನ್ನೂ ಎದುರಿಗಿಟ್ಟುಕೊಂಡರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. ಧರ್ಮಸಭೆಗೆ ಸ್ಟೀಫನ್ಸರ ದಾರಿಯೂ ಗೊತ್ತು, 1684ರ ದಾರಿಯೂ ಗೊತ್ತು. ಇಂದು ನಮ್ಮ ಶಾಲೆಗಳ ಸೂಚನಾಪತ್ರಗಳು ಯಾವ ದಾರಿಯಲ್ಲಿ ನಡೆಯುತ್ತಿವೆ?

ಜೂನ್ ತಿಂಗಳು

ಹಿಂಡಲಗಾದಲ್ಲಿ ನುಡಿಯೆಂದರೆ ಬರಿಯ ನುಡಿಯಲ್ಲ. 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಇಂದಿನವರೆಗೆ ಗಡಿಯ ವಿವಾದ ಆರಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ. ಶಾಲೆಯ ಮೊದಲ ಭಾಷೆ ಯಾವುದಾಗಬೇಕು ಎಂಬುದರ ಕುರಿತು ವಿ. ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ ಕನ್ನಡನಾಡು ಎದ್ದು ನಿಂತದ್ದು ಎಲ್ಲರಿಗೂ ತಿಳಿದಿದೆ. ಕನ್ನಡಿಗರಿಗೆ ಅದು ಹೆಮ್ಮೆಯ ನೆನಪು. ಹಿಂಡಲಗಾದ ಮರಾಠಿ ಮನೆಗಳ ನೆನಪು ಬೇರೆ. ಕನ್ನಡ ಕಡ್ಡಾಯದ ವಿರುದ್ಧ 1986ರ ಜೂನ್ ಆರಂಭದಲ್ಲಿ ಎದ್ದ ಚಳವಳಿಯಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಅವರ ಸ್ಮಾರಕ ಹಿಂಡಲಗಾದಲ್ಲಿದೆ. ಪ್ರತಿ ವರ್ಷ ಜೂನ್ 1ರಂದು ಅಲ್ಲಿ ಜನ ಸೇರುತ್ತಾರೆ. ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಈ ಎರಡು ನೆನಪುಗಳೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂರುತ್ತವೆ ಎಂಬುದನ್ನು ಹೊಸದಾಗಿ ವರ್ಗವಾಗಿ ಬರುವ ಗುರುಗಳು ತಿಳಿದಿರಬೇಕು. ಯಾರ ನೆನಪು ಸರಿ ಎಂದು ತೀರ್ಪು ಕೊಡಲು ನಮ್ಮನ್ನು ಅಲ್ಲಿಗೆ ಕಳಿಸಿರುವುದಿಲ್ಲ.

ಕಾನೂನಿನ ಹಾದಿಯನ್ನು ಚುಟುಕಾಗಿ ಹೇಳಿಬಿಡೋಣ. 1994ರಲ್ಲಿ ರಾಜ್ಯ ಸರಕಾರ ಪ್ರಾಥಮಿಕ ಹಂತದ ಮೊದಲ ನಾಲ್ಕು ತರಗತಿಗಳ ಬೋಧನಾ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡವಾಗಿರಬೇಕೆಂದು ಆದೇಶಿಸಿತು. ಆ ವಿವಾದ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠಕ್ಕೆ ಹೋಗಿ, ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪಾಲಕರದು, ರಾಜ್ಯ ಅದನ್ನು ಹೇರುವಂತಿಲ್ಲ ಎಂಬ ತೀರ್ಪು 2014ರ ಮೇ 6ರಂದು ಬಂತು. ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾಧ್ಯಮವನ್ನು ಮುಟ್ಟದೆ, ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲ ಶಾಲೆಗಳಲ್ಲೂ ಹಂತಹಂತವಾಗಿ ಕಲಿಸಬೇಕೆಂದಿತು. ಅದನ್ನು ನಮ್ಮ ಶಾಲೆಗಳು ಹೊರೆಯೆಂದು ಭಾವಿಸಬಾರದು. ಮರಾಠಿ ಮನೆಯ ಮಗುವಿಗೆ ಕನ್ನಡವನ್ನು ಪ್ರೀತಿಯಿಂದ ಕಲಿಸಬಲ್ಲ, ಕನ್ನಡ ಮನೆಯ ಮಗುವಿಗೆ ಮರಾಠಿಯ ಮೇಲೆ ಗೌರವ ಮೂಡಿಸಬಲ್ಲ ಸಂಸ್ಥೆ ಈ ಗಡಿಯಲ್ಲಿ ಯಾವುದಾದರೂ ಇದ್ದರೆ ಅದು ಎರಡೂ ಪಕ್ಷಗಳಿಗೆ ಸೇರದ ಸಂಸ್ಥೆ. ಕಥೋಲಿಕ ಶಾಲೆಗೆ ಆ ಅವಕಾಶವಿದೆ. ಇಂಗ್ಲಿಷಿನ ಆಸರೆಯಲ್ಲಿ ಎರಡರಿಂದಲೂ ದೂರ ನಿಂತು ‘ನಾವು ನಿಷ್ಪಕ್ಷಪಾತಿಗಳು’ ಎಂದುಕೊಳ್ಳುವುದು ಬೇರೆ, ಎರಡೂ ನುಡಿಗಳಲ್ಲಿ ಜನರನ್ನು ಮಾತನಾಡಿಸಿ ನಿಷ್ಪಕ್ಷಪಾತಿಗಳಾಗುವುದು ಬೇರೆ.

2014ರ ಅದೇ ಮೇ 6ರಂದು ಇನ್ನೊಂದು ತೀರ್ಪೂ ಬಂತು. ನಮ್ಮವರು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಪ್ರಮತಿ ಪ್ರಕರಣದಲ್ಲಿ ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ 25 ಪ್ರತಿಶತ ಸ್ಥಾನ ಕಾಯ್ದಿರಿಸುವ ನಿಯಮದಿಂದ ನಮ್ಮ ಶಾಲೆಗಳು ಹೊರಗುಳಿದವು. 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ನ್ಯಾಯಾಲಯ ಮುಂದೆ ಏನು ಹೇಳಲಿದೆಯೋ ಹೇಳಲಿ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕನ್ನು ನಾವು ಕಾಪಾಡಿಕೊಳ್ಳಲೇಬೇಕು; ಅದು ಹೋದರೆ ಶಾಲೆಯೂ ಹೋದಂತೆ. ಆದರೆ ಕಾಯ್ದೆಯಿಂದ ಬಿಡುಗಡೆ ಸಿಕ್ಕಿದ್ದು ಕರ್ತವ್ಯದಿಂದ ಬಿಡುಗಡೆ ಸಿಕ್ಕಿದಂತೆ ಆಗುತ್ತದೆಯೇ? ಮಹಾಸಭೆಯ ಘೋಷಣೆಯ ಒಂಬತ್ತನೆಯ ವಿಭಾಗ ಬಡವರನ್ನು, ಕುಟುಂಬದ ಆಸರೆಯಿಲ್ಲದವರನ್ನು, ವಿಶ್ವಾಸದ ವರ ಪಡೆಯದವರನ್ನು ಹೆಸರಿಸಿ, ಶಾಲೆಗಳ ಕಾಳಜಿ ಮೊದಲು ಅವರ ಮೇಲಿರಲಿ ಎನ್ನುತ್ತದೆ. 1977ರಲ್ಲಿ ರೋಮ್ ಹೊರಡಿಸಿದ ‘ಕಥೋಲಿಕ ಶಾಲೆ’ ಎಂಬ ದಾಖಲೆ ಇನ್ನೂ ಕಟುವಾಗಿದೆ: ಉಳ್ಳವರ ಮಕ್ಕಳ ಕಡೆಗೇ ಮುಖಮಾಡಿದ ಶಾಲೆ, ಅನ್ಯಾಯದ ಸಮಾಜಕ್ಕೆ ನೀರೆರೆಯುವ ಅಪಾಯವಿದೆ ಎಂದು ಅದು ಎಚ್ಚರಿಸುತ್ತದೆ. ಹಿಂಡಲಗಾದಲ್ಲಿ ಉಳ್ಳವರು ಯಾರು, ಇಲ್ಲದವರು ಯಾರು ಎಂಬುದನ್ನು ಪ್ರವೇಶದ ದಿನ ಇಂಗ್ಲಿಷ್ ಪ್ರಶ್ನೆಗೆ ಉತ್ತರಿಸಬಲ್ಲ ತಾಯಿಯೂ ಉತ್ತರಿಸಲಾಗದ ತಾಯಿಯೂ ಒಂದೇ ಕ್ಷಣದಲ್ಲಿ ಬೇರ್ಪಡಿಸಿ ತೋರಿಸುತ್ತಾರೆ.

ಉಚಿತ ಶಿಕ್ಷಣದ ಮೇಲೂ ಈಗ ನೆರಳು ಬಿದ್ದಿದೆ. ಹಿಂಡಲಗಾಕ್ಕೆ ದೂರವಲ್ಲದ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರಿನಲ್ಲಿ ವಿಧಾನಸಭೆ ಅಂಗೀಕರಿಸಿ, 2022ರಲ್ಲಿ ಕಾಯ್ದೆಯಾದ ಮತಾಂತರ ನಿಯಂತ್ರಣ ಶಾಸನವು ‘ಆಮಿಷ’ ಎಂಬುದರ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಗಳ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಆದರೂ ಒಮ್ಮೆ ಹುಟ್ಟಿದ ಅನುಮಾನ ನಿರ್ಧಾರದಿಂದ ಸಾಯುವುದಿಲ್ಲ. ಬಡ ಮಗುವಿನ ಶುಲ್ಕ ಮನ್ನಾ ಮಾಡುವ ಮುಖ್ಯೋಪಾಧ್ಯಾಯರ ಕೈ ಒಂದು ಕ್ಷಣ ತಡೆಯುತ್ತದೆ. ಈ ಅನುಮಾನಕ್ಕೆ ಮದ್ದು ಏನು? ಸಂವಿಧಾನದ 28ನೆಯ ವಿಧಿಯ ಮೂರನೆಯ ಭಾಗದಂತೆ, ಮಾನ್ಯತೆ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಧರ್ಮಸಭೆಯ 1988ರ ಮಾರ್ಗಸೂಚಿಯೂ ಕಥೋಲಿಕರಲ್ಲದ ವಿದ್ಯಾರ್ಥಿಗಳ ಧಾರ್ಮಿಕ ಸ್ವಾತಂತ್ರ್ಯವನ್ನು ಗೌರವಿಸಲೇಬೇಕೆಂದು ಹೇಳುತ್ತದೆ. ಎರಡೂ ಕಡೆ ಒಂದೇ ಮಾತು. ಆದರೆ ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿದ್ದು, ಸಹಿ ಹಾಕುವ ತಂದೆಗೆ ಅದು ಓದಲು ಬಾರದಿದ್ದರೆ ಅದು ಒಪ್ಪಿಗೆಯೇ ಅಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಏನು ಹೇಳುತ್ತಾರೆ, ನೀತಿಬೋಧೆಯ ತರಗತಿಯಲ್ಲಿ ಏನು ಕಲಿಸುತ್ತಾರೆ, ಕಥೋಲಿಕ ಮಕ್ಕಳಿಗಾಗಿ ನಡೆಯುವ ಧರ್ಮೋಪದೇಶಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂಬುದನ್ನು ಮರಾಠಿಯಲ್ಲಿ ಮತ್ತು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ ಶಾಲೆಗೆ ಹೆದರಿಕೆ ಕಡಿಮೆ. ಗುಟ್ಟಿಲ್ಲದ ಮನೆಗೆ ಕಿಟಕಿ ಮುಚ್ಚುವ ಕೆಲಸವಿಲ್ಲ.

ಯೆರೂಸಲೇಮಿನ ದೂರು

ಇಂಥ ಸಂದರ್ಭಗಳಲ್ಲಿ ಪ್ರವಚನಕಾರರು ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯಕ್ಕೆ, ಪವಿತ್ರಾತ್ಮರು ಇಳಿದುಬಂದ ದಿನಕ್ಕೆ ಹೋಗುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ನುಡಿಯಲ್ಲಿ ಕೇಳಿದರು ಎಂಬುದು ಸುಂದರ ಮಾತು. ನಮಗೆ ಮಾತ್ರ ಆರನೆಯ ಅಧ್ಯಾಯ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಪವಿತ್ರಾತ್ಮರನ್ನು ಪಡೆದ ಅದೇ ಸಭೆಯಲ್ಲಿ, ನಾಲ್ಕು ಅಧ್ಯಾಯ ಕಳೆಯುವಷ್ಟರಲ್ಲಿ, ಒಂದು ಗೊಣಗಾಟ ಹುಟ್ಟುತ್ತದೆ. ದೂರು ಕೊಟ್ಟವರು ಗ್ರೀಕ್ ಮಾತನಾಡುವ ಯೆಹೂದ್ಯರು; ಯಾರ ವಿರುದ್ಧವೆಂದರೆ ಸ್ಥಳೀಯ ನುಡಿಯವರ ವಿರುದ್ಧ. ವಿಷಯ ದೈವಶಾಸ್ತ್ರದ್ದಲ್ಲ: ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದು. ಯಾರೂ ಬೇಕೆಂದು ಮಾಡಿರಲಿಕ್ಕಿಲ್ಲ. ಹಂಚುವವರಿಗೆ ತಮ್ಮ ನುಡಿಯವರ ಹೆಸರು, ಮನೆ, ಕಷ್ಟ ಗೊತ್ತು. ಇನ್ನೊಂದು ನುಡಿಯ ವಿಧವೆ ಬಂದು ನಿಂತರೆ ಅವಳು ಗುಂಪಿನಲ್ಲಿ ಒಬ್ಬಳು, ಅಷ್ಟೇ. ನುಡಿಯ ಕಾರಣದಿಂದ ಆಗುವ ಅನ್ಯಾಯ ಹೆಚ್ಚಾಗಿ ಹೀಗೆಯೇ, ದುರುದ್ದೇಶವಿಲ್ಲದೆ ಆಗುತ್ತದೆ.

ಪ್ರೇಷಿತರು ಮಾಡಿದ್ದನ್ನು ಗಮನಿಸಬೇಕು. ದೂರು ಕೊಟ್ಟವರಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೆ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ಹಂಚಿಕೆಯ ಅಧಿಕಾರವನ್ನೇ ಕಡೆಗಣಿಸಲ್ಪಟ್ಟವರ ಕಡೆಯವರಿಗೆ ವಹಿಸಿದಂತಾಯಿತು. ಗ್ರೀಕ್ ಹೆಸರಿದ್ದ ಮಾತ್ರಕ್ಕೆ ಎಲ್ಲರೂ ಗ್ರೀಕ್ ನುಡಿಯವರೇ ಆಗಿರಬೇಕೆಂದಿಲ್ಲ ಎಂದು ವ್ಯಾಖ್ಯಾನಕಾರರು ಎಚ್ಚರಿಸುವುದುಂಟು. ಆದರೂ ಸಂತ ಲೂಕರು ಆ ಪಟ್ಟಿಯನ್ನು ಕೊಟ್ಟಿರುವ ಬಗೆಯಲ್ಲಿ ಆಶಯ ಮರೆಯಾಗಿಲ್ಲ.

ಈ ಮಾದರಿಯನ್ನು ಶಾಲೆಗೆ ತಂದರೆ ಏನಾಗುತ್ತದೆ? ಸೂಚನಾಪತ್ರವನ್ನು ಮರಾಠಿಗೆ ಅನುವಾದಿಸಿ ಕಳಿಸುವುದು ಒಳ್ಳೆಯದೇ, ಆದರೆ ಅದು ಅರ್ಧ ಕೆಲಸ. ಪಾಲಕರ ಸಂಘದಲ್ಲಿ ಪದಾಧಿಕಾರಿಗಳಾಗಿ ಯಾರು ಕೂರುತ್ತಾರೆ ಎಂಬುದು ಉಳಿದರ್ಧ. ಇಂಗ್ಲಿಷ್ ಬಲ್ಲ ವೈದ್ಯರೂ ವಕೀಲರೂ ಸೇನಾಧಿಕಾರಿಗಳೂ ಮಾತ್ರ ಸಂಘದಲ್ಲಿದ್ದರೆ, ಹೊಲದಿಂದಲೋ ಗಾರೆ ಕೆಲಸದಿಂದಲೋ ಅರ್ಧ ದಿನದ ಕೂಲಿ ಬಿಟ್ಟು ಬಂದ ತಂದೆಗೆ ಅದು ಇನ್ನೊಂದು ಕಚೇರಿ. ಸಭೆಯ ಕಲಾಪವನ್ನು ಮರಾಠಿ ಮತ್ತು ಕನ್ನಡದಲ್ಲಿ ನಡೆಸಿ, ಬೇಕಾದವರಿಗೆ ಇಂಗ್ಲಿಷಿನಲ್ಲಿ ಸಾರಾಂಶ ಕೊಡುವುದು ಅಸಾಧ್ಯವೇನಲ್ಲ. ಇಂಗ್ಲಿಷ್ ಬಲ್ಲವರು ಹತ್ತು ನಿಮಿಷ ಕಾಯಬಲ್ಲರು. ಇದರಿಂದ ಶಾಲೆಯ ದರ್ಜೆ ಇಳಿಯುತ್ತದೆ ಎಂಬ ಆಕ್ಷೇಪ ಬರುತ್ತದೆ. ಪಾಲಕರು ಇಂಗ್ಲಿಷಿಗಾಗಿಯೇ ಮಕ್ಕಳನ್ನು ನಮ್ಮಲ್ಲಿಗೆ ಕಳಿಸುವುದು ನಿಜ. ಮರಾಠಿ ಮನೆಯವರೂ ಕನ್ನಡ ಮನೆಯವರೂ ಅದನ್ನೇ ಬಯಸುತ್ತಾರೆ, ಬಯಸುವುದು ಅವರ ಹಕ್ಕು. ಆದರೆ ಅವರು ಇಂಗ್ಲಿಷ್ ಕೇಳಿದ್ದು ಮಗುವಿಗಾಗಿ, ತಮ್ಮನ್ನು ಹೊರಗಿಡುವುದಕ್ಕಾಗಿ ಅಲ್ಲ. ತರಗತಿಯ ನುಡಿ ಇಂಗ್ಲಿಷ್ ಆಗಿದ್ದೂ ಬಾಗಿಲ ನುಡಿ ಬೇರೆಯಾಗಿರಬಹುದು.

ಇಲ್ಲಿಯವರೆಗೆ ಕಥೋಲಿಕೇತರ ಪಾಲಕರ ಕುರಿತೇ ಹೇಳಿದೆವು. ನಮ್ಮವರೇ ಆದ ಮಕ್ಕಳ ವಿಷಯದಲ್ಲಿ ಸಮಸ್ಯೆ ಸಣ್ಣದಲ್ಲ, ಸೂಕ್ಷ್ಮ. 1953ರ ಸೆಪ್ಟೆಂಬರ್ 19ರಂದು ರಚನೆಗೊಂಡ ಬೆಳಗಾವಿ ಧರ್ಮಕ್ಷೇತ್ರದಲ್ಲಿ ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಬಲಿಪೂಜೆ ನಡೆಯುತ್ತದೆ. ಖಾನಾಪುರದ ಕಾಡಂಚಿನಿಂದ ಬರುವ ಸಿದ್ದಿ ಕಥೋಲಿಕ ಮಗುವಿನ ಮನೆಮಾತು ಕೊಂಕಣಿಯೇ ಆದರೂ ಕ್ಯಾಂಪಿನ ಗೋವನ್ ಕುಟುಂಬದ ಕೊಂಕಣಿಯಂತೆ ಅದಿಲ್ಲ, ಸಹಪಾಠಿಗಳು ನಗುತ್ತಾರೆ. ಪೂರ್ವದ ಬಯಲುಸೀಮೆಯ ಮಗುವಿನ ಪ್ರಾರ್ಥನೆ ಕನ್ನಡದ್ದು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯವರು ಲಿಂಗಾಯತ ವಿರಕ್ತಮಠದ ರೂಪದಲ್ಲಿ ದೇವಾಲಯ ಕಟ್ಟಿ, ಕಾವಿಯುಟ್ಟು ಅಲ್ಲಿನ ಜನರ ನುಡಿಯಲ್ಲೇ ಬಾಳಿದ್ದನ್ನು ನಮ್ಮ ಓದುಗರು ಬಲ್ಲರು. ಅದೇ ಧರ್ಮಕ್ಷೇತ್ರದ, ಅದೇ ಸಭೆಯ ಒಂದು ತುದಿಯಲ್ಲಿ ಮಠದ ಕನ್ನಡವಿದೆ, ಇನ್ನೊಂದು ತುದಿಯಲ್ಲಿ ದಂಡಿನ ಇಂಗ್ಲಿಷಿದೆ. ಈ ಎರಡರ ನಡುವೆ ಸಂಭಾಷಣೆ ನಡೆಯಬೇಕಾದ ಜಾಗ ಪ್ರೌಢಶಾಲೆಯೇ. ಧರ್ಮೋಪದ��ಶದ ತರಗತಿಯಲ್ಲಿ ನಾಲ್ಕು ನುಡಿಯ ಮಕ್ಕಳಿಗೂ ಇಂಗ್ಲಿಷಿನ ಒಂದೇ ಪುಸ್ತಕ ಕೊಟ್ಟುಬಿಟ್ಟರೆ, ಮಗು ಉತ್ತರಗಳನ್ನು ಬಾಯಿಪಾಠ ಮಾಡೀತು. ಮನೆಗೆ ಹೋಗಿ ಅಜ್ಜಿಯ ಜೊತೆ ಅದರ ಬಗ್ಗೆ ಮಾತಾಡಲಾರದು. ಆ ಮಗುವಿನ ವಿಶ್ವಾಸಕ್ಕೆ ಎರಡು ಮನೆಗಳಾಗುತ್ತವೆ, ನಡುವೆ ಬಾಗಿಲಿರುವುದಿಲ್ಲ.

ಆದ್ದರಿಂದ ನಮ್ಮ ಗುರುವಿದ್ಯಾರ್ಥಿಗಳ ತರಬೇತಿಗೆ ಸಂಬಂಧಿಸಿ ಒಂದು ಸಲಹೆ. ತತ್ವಶಾಸ್ತ್ರ ಮುಗಿಸಿ ದೈವಶಾಸ್ತ್ರಕ್ಕೆ ಹೋಗುವ ಮುನ್ನ ಅನುಭವದ ವರ್ಷಕ್ಕೆಂದು ಸಹೋದರರನ್ನು ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಕಳಿಸುತ್ತೇವೆ. ಕ್ರೀಡೆ, ಶಿಸ್ತು, ಊಟದ ಕೋಣೆಯ ಮೇಲ್ವಿಚಾರಣೆ ಅವರ ಪಾಲಿಗೆ ಬರುತ್ತವೆ. ಬೆಳಗಾವಿ, ಹಿಂಡಲಗಾ, ಖಾನಾಪುರದ ಕಡೆ ಹೋಗುವವರನ್ನು ಏಪ್ರಿಲ್ ಕೊನೆಯಲ್ಲೇ ಕಳಿಸಿ, ಶಾಲೆ ತೆರೆಯುವ ಮುನ್ನದ ಐದು ವಾರ ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು. ಕನ್ನಡ ಬಲ್ಲವರು ಮರಾಠಿಯನ್ನು, ಕೊಂಕಣಿ ಬಲ್ಲವರು ಕನ್ನಡವನ್ನು, ಯಾವುದಾದರೂ ಮನೆಯಲ್ಲಿ ಕುಳಿತು ಕಲಿಯಲಿ. ಮರಾಠಿಯ ಲಿಪಿ ನಾಗರಿ, ಹಿಂದಿ ಓದಿದವರಿಗೆ ಹೊಸದಲ್ಲ. ಐದು ವಾರದಲ್ಲಿ ಯಾರೂ ಪಂಡಿತರಾಗುವುದಿಲ್ಲ. ಆದರೆ ಕೂರಿ, ಮಗ ಹೇಗೆ ಓದುತ್ತಿದ್ದಾನೆ, ಮನೆಯಲ್ಲಿ ಎಲ್ಲರೂ ಸೌಖ್ಯವೇ ಎಂದು ಕೇಳಿ, ಬಂದ ಉತ್ತರವನ್ನು ಅರ್ಥಮಾಡಿಕೊಳ್ಳುವಷ್ಟು ಬರುತ್ತದೆ. ಮೊದಲ ಪಾಲಕರ ಸಭೆ ಸಾಮಾನ್ಯವಾಗಿ ಜೂನ್ ಕೊನೆಯ ವಾರದಲ್ಲಿ ಇರುತ್ತದೆ. ಅಲ್ಲಿ ಆ ಸಹೋದರರನ್ನು ವೇದಿಕೆಯ ಮೇಲೆ ಕೂರಿಸದೆ ಬಾಗಿಲಲ್ಲಿ ನಿಲ್ಲಿಸುವ ಹೊಣೆ ಮುಖ್ಯೋಪಾಧ್ಯಾಯರದು.